ಪಾಟಿಚೀಲದ ಭಾರ ಯಾರ ಹೆಗಲಿಗೆ?

ಅಕ್ಕಾರ, ತಂಗ್ಯಾರ, ಥಂಡಿ ಸುರು ಆತಂದ್ರ ನಮ್ಮ ಧಾರವಾಡದ ಓಣ್ಯಾಗ ಎರಡು ಪ್ರಶ್ನೆ ಕೇಳಿ ಬರ್ತಾವ. ಒಂದು, ಸಂತಿಗೆ ಸೀತನಿ ಬಂತೇನು? ಇನ್ನೊಂದು, ನಿಮ್ಮ ಕೂಸಿಂದು ಸೀಟು ಆತೇನು? ಮೊದಲನೇದು ತಿನ್ನೂ ಮಾತು, ನಕ್ಕೋತ ಕೇಳ್ತೀವಿ. ಎರಡನೇದು ಕೇಳೂ ಮುಂದ ಮಾತ್ರ ದನಿ ಸಣ್ಣದಾಗ್ತದ, ಕನ್ಯಾಕ್ಕ ಸಂಬಂಧ ಕೂಡಿ ಬಂತೇನು ಅಂತ ಕೇಳಿಧಂಗ. ಮೂರು ವರ್ಷದ ಕೂಸು, ಎಲ್‌ಕೆಜಿ ಸೀಟು. ಅರ್ಜಿ ತರಲಿಕ್ಕೆ ಒಂದು ಪಾಳಿ, ಅರ್ಜಿ ಕೊಡಲಿಕ್ಕೆ ಇನ್ನೊಂದು ಪಾಳಿ, ಆಮ್ಯಾಲೆ ಅಪ್ಪ ಅವ್ವ ಇಬ್ಬರೂ ಇಸ್ತ್ರಿ ಅರಬಿ ಹಾಕ್ಕೊಂಡು ಸಾಲಿ ಆಫೀಸಿನ ಹೊರಗ ಕುರ್ಚಿ ಮ್ಯಾಲೆ ಕೂಡೂದು.

ಇದು ಯಾವಾಗಿಂದ ಹಿಂಗಾತು? ನಾನು ಪಿಯುಸಿ ಮುಗಿಸಿ ಮದುವಿ ಆಗಿ ಬಂದಾಕಿ, ಪ್ರೊಫೆಸರ್ ಏನಲ್ಲ. ಆದ್ರ ಹಳೇ ಸುದ್ದಿ ಹುಡುಕಿ ಓದೂ ಚಟ ನನಗ ಮೊದಲಿಂದ ಅದ, ನಿಮಗೆಲ್ಲಾ ಗೊತ್ತೇ ಅದ. ಈ ಸಲ ಅಡಗಿ ಬಿಟ್ಟು ಸಾಲಿ ಇತಿಹಾಸ ಹೇಳ್ತೀನಿ. ಇದರಾಗ ನಮ್ಮ ಹೆಣ್ಣುಮಕ್ಕಳ ಸುದ್ದಿನೂ ಭಾಳ ಅದ.

ಇನ್ನೂರು ವರ್ಷದ ಹಿಂದ ಹೋಗೂಣು. 1823ರಾಗ ಬಳ್ಳಾರಿ ಜಿಲ್ಲಾಕ್ಕ ಕ್ಯಾಂಪ್‌ಬೆಲ್ ಅಂತ ಒಬ್ಬ ಇಂಗ್ರೇಜಿ ಕಲೆಕ್ಟರ್ ಇದ್ದ. ಮದ್ರಾಸಿನ ಗವರ್ನರ್ ಮನ್ರೋ ಸಾಹೇಬ, ನಿಮ್ಮ ನಿಮ್ಮ ಜಿಲ್ಲಾದಾಗ ಎಷ್ಟು ಸಾಲಿ ಅವ, ಎಷ್ಟು ಹುಡುಗ್ರು ಓದ್ತಾರ, ಬರದು ಕಳಿಸ್ರಿ ಅಂತ ಎಲ್ಲಾ ಕಲೆಕ್ಟರುಗಳಿಗೆ ಹೇಳಿದ್ದ. ಬಳ್ಳಾರಿ ಜಿಲ್ಲಾದ ಲೆಕ್ಕ ಹಿಂಗದ ನೋಡ್ರಿ: 533 ಸಾಲಿ, 6,641 ಹುಡುಗ್ರು. ಅದರಾಗ 235 ಸಾಲಿ ಕನ್ನಡದ್ದು, 226 ತೆಲುಗಿಂದು, ಉಳಿದವು ಮರಾಠಿ, ಫಾರ್ಸಿ, ಸಂಸ್ಕೃತ ಹಿಂಗ. ಇಂಗ್ಲಿಷ್ ಸಾಲಿ ಇಡೀ ಜಿಲ್ಲಾಕ್ಕ ಒಂದೇ ಒಂದು! ಒಂದು ಸಾಲಿಗೆ ಸರಾಸರಿ ಹನ್ನೆರಡು ಹುಡುಗ್ರು. ಹೆಣ್ಣು ಹುಡುಗ್ಯಾರು ಎಷ್ಟು ಅಂದ್ರ ಬರೇ 60. ಆರು ಸಾವಿರದ ಆರುನೂರರಾಗ ಅರವತ್ತು. ಈ ಸಂಖ್ಯಾ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನ ಕೂತಿದ್ದೆ.

ಆಗ ಸಾಲಿಗೆ ಕೂಸನ್ನ ಹೆಂಗ ಸೇರಿಸ್ತಿದ್ರು ಅನ್ನೂದನ್ನೂ ಆ ಕಲೆಕ್ಟರ್ ಚಂದಾಗಿ ಬರದಾನ. ಕೂಸಿಗೆ ಐದು ವರ್ಷ ಆತಂದ್ರ ಮಾಸ್ತರನ್ನೂ ಸಾಲಿ ಹುಡುಗ್ರನ್ನೂ ಮನಿಗೆ ಕರೀತಿದ್ರಂತ. ಎಲ್ಲಾರೂ ಗಣಪತಿ ಮುಂದ ಸುತ್ತ ಕೂಡೂದು, ಕೂಸನ್ನ ಗಣಪತಿ ಎದುರಿಗೆ ಕೂಡ್ಸೂದು. ಮಾಸ್ತರ ಬಾಜೂಕ ಕೂತು ಪೂಜಿ ಮಾಡಿಸಿ, ಕೂಸಿನ ಬಟ್ಟು ಹಿಡದು ಅಕ್ಕಿ ಒಳಗ ದೇವರ ಹೆಸರು ಬರಸ್ತಿದ್ದ. ಮನಿಯವರು ತಮ್ಮ ಕೈಲೆ ಆದಷ್ಟು ಕಾಣಿಕಿ ಕೊಟ್ಟು ಕಳಿಸಿದ್ರ ಆತು, ಮರುದಿನದಿಂದ ಕೂಸು ಸಾಲಿಗೆ. ಈಗಿನ ಭಾಷಾದಾಗ ಹೇಳೂದಾದ್ರ ಅಡ್ಮಿಶನ್ ಮುಗೀತು. ಗಮನ ಇಡ್ರಿ, ಸಾಲಿ ಮನಿಗೆ ಬಂದಿತ್ತು. ಕೂಸು ಸಾಲಿಗೆ ಹೋಗಿ ನಾನು ಎಂಥಾದು ಅಂತ ತೋರಿಸೂ ಪದ್ಧತಿ ಇದ್ದಿದ್ದಿಲ್ಲ.

ಹಂಗಂತ ಆಗಿನ ಕಾಲ ಭಾಳ ಛಲೋ ಇತ್ತು ಅಂತ ತಿಳೀಬ್ಯಾಡ್ರಿ. ಮುಂಜಾನೆ ಆರಕ್ಕ ಸಾಲಿ ಸುರು. ಮೊದಲು ಬಂದ ಹುಡುಗನ ಅಂಗೈ ಮ್ಯಾಲೆ ಸರಸ್ವತಿ ಅಂತ ಬರೀತಿದ್ರು, ಅದು ಮರ್ಯಾದಿ. ಎರಡನೇದವನಿಗೆ ಒಂದು ಸೊನ್ನಿ, ಹೊಗಳಿಕಿನೂ ಇಲ್ಲ ಬೈಗಳಾನೂ ಇಲ್ಲ ಅಂತ. ಮೂರನೇದವನಿಗೆ ಒಂದು ಛಡಿ ಏಟು, ನಾಲ್ಕನೇದವನಿಗೆ ಎರಡು, ಹಿಂಗ ತಡಾ ಆದಂಗ ಏರ್ಕೋತ ಹೋಗೂದು. ಓದಲಾರದ ಹುಡುಗನ್ನ ಎರಡೂ ಕೈ ಕಟ್ಟಿ ಜಂತಿಗೆ ಜೋತು ಬಿಡ್ತಿದ್ರು. ನಮ್ಮ ಹಿರಿಯರು ಕೋದಂಡ ಅಂತ ಹೇಳ್ತಿದ್ದದ್ದು ಇದ. ಬಸ್ಕಿ ಅಂತೂ ಇದ್ದ ಇತ್ತು. ಫೀ ತಿಂಗಳಿಗೆ ಒಂದು ಹುಡುಗಗ ನಾಲ್ಕಾಣೆಯಿಂದ ಎಂಟಾಣೆ. ಅದನ್ನೂ ಕೊಡಲಿಕ್ಕೆ ಆಗಲಾರದ ಎಷ್ಟೋ ಮಂದಿ ಮಕ್ಕಳನ್ನ ಸಾಲಿ ಬಿಡಿಸ್ತಾರ, ಮಂದಿ ಬಡವರಾಗ್ಯಾರ ಅಂತ ಕಲೆಕ್ಟರ್ ಮರುಗಿ ಬರದಾನ. ಕಂಪನಿ ಸರಕಾರದ ಮನುಷ್ಯಾನೇ ಈ ಮಾತು ಬರದಾನ ಅನ್ನೂದು ವಿಶೇಷ.

ಇನ್ನೊಂದು ಮಾತು ಅದರಾಗ ಅದ, ಅದನ್ನ ಮುಂದಿನ ಸುದ್ದಿಗೆ ನೆನಪಿಟ್ಕೋರಿ. ಹುಡುಗ್ರು ಪದ್ಯ ಪಟಪಟ ಹೇಳ್ತಾರ, ಆದ್ರ ಅರ್ಥ ಕೇಳಿದ್ರ ಕಲಿಸಿದ ಗಿಳಿಗೆ ಎಷ್ಟು ಗೊತ್ತೋ ಅಷ್ಟೇ ಗೊತ್ತು ಅಂತ ಅಂವ ಬರದಾನ. ಅದರ ಜೋಡಿ ಒಂದು ಮೆಚ್ಚುಗಿನೂ ಅದ. ದೊಡ್ಡ ಹುಡುಗ್ರು ಸಣ್ಣ ಹುಡುಗ್ರಿಗೆ ಕಲಿಸೂದು, ಉಸುಕಿನ್ಯಾಗ ಬಟ್ಟಿಲೆ ಬರಸೂದು, ಇದು ಖರ್ಚಿಲ್ಲದ ಛಲೋ ಪದ್ಧತಿ, ಇಂಗ್ಲೆಂಡಿನವರೂ ಇದನ್ನ ಅನುಸರಿಸ್ಯಾರ ಅಂತ. ಇದು ಖರೇನ. ಆಂಡ್ರ್ಯೂ ಬೆಲ್ ಅನ್ನಾಂವ ಮದ್ರಾಸಿನ್ಯಾಗ ಈ ಪದ್ಧತಿ ನೋಡಿ 1797ರಾಗ ಪುಸ್ತಕ ಬರದ, ಇಂಗ್ಲೆಂಡಿನ್ಯಾಗ ಅದಕ್ಕ ಮದ್ರಾಸ್ ಪದ್ಧತಿ ಅಂತನ ಹೆಸರಾತು. ಪಾಠ ಹೇಳಿಕೊಡೂ ಕೆಲಸ ಆಗ ಸಾಲಿ ಒಳಗನ ಮುಗೀತಿತ್ತು. ಮನ್ಯಾಗ ರೊಟ್ಟಿ ಬಡಿಯೂ ಅವ್ವನ ತಲಿಗೆ ಅದು ಬಂದಿದ್ದಿಲ್ಲ.

ಈಗ ನಮ್ಮ ಧಾರವಾಡದ ಕಡೆ ಬರೂಣು. ನಾವು ಮುಂಬಯಿ ಸರಕಾರದ ಕೈಯಾಗ ಇದ್ದವರು. 1854ರಾಗ ವುಡ್ ಸಾಹೇಬನ ಪತ್ರ ಬಂತು, ಮರುವರ್ಷ ಸರಕಾರಿ ವಿದ್ಯಾ ಖಾತೆ ಸುರು ಆತು. ಆಗ ಇಲ್ಲೆ ಸಾಲಿ ಅಂದ್ರ ಮರಾಠಿದ ಜೋರು. ಕನ್ನಡ ಮಕ್ಕಳು ಮನ್ಯಾಗ ಒಂದು ಮಾತು, ಸಾಲ್ಯಾಗ ಇನ್ನೊಂದು ಮಾತು ಕಲೀಬೇಕಾಗಿತ್ತು. ಇದನ್ನ ಬದಲಿ ಮಾಡಿದವರೊಳಗ ದೊಡ್ಡ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ವಿದ್ಯಾ ಖಾತೆ ಅಧಿಕಾರಿ ಆಗಿ ಊರೂರು ತಿರುಗಿ, ನಿಮ್ಮ ಮಕ್ಕಳನ್ನ ಕನ್ನಡ ಸಾಲಿಗೆ ಕಳಿಸ್ರಿ ಅಂತ ಮಂದಿಗೆ ತಿಳಿಸಿ ಹೇಳಿದ್ರು. ಮುಂದ 1890ರಾಗ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1916ರಾಗ ಬೆಳಗಾವ್ಯಾಗ ಏಳು ಮಂದಿ ಮಾಸ್ತರು ಕೂಡಿ ಕೆಎಲ್‌ಇ ಸಂಸ್ಥೆ ಕಟ್ಟಿದ್ರು. ಆ ಕಡೆ ಮೈಸೂರಾಗ 1881ರಾಗ ಮಹಾರಾಣಿ ಹೆಣ್ಣುಮಕ್ಕಳ ಸಾಲಿ ಆತು, ವಿಶ್ವೇಶ್ವರಯ್ಯನವರು ದಿವಾನರಿದ್ದಾಗ 1913ರಾಗ ಮಕ್ಕಳನ್ನ ಕಡ್ಡಾಯ ಸಾಲಿಗೆ ಕಳಿಸೂ ಕಾನೂನು ಬಂತು.

ಈ ನೂರು ವರ್ಷದ ಸುದ್ದಿ ಒಂದ ಮಾತಿನ್ಯಾಗ ಹೇಳಬೇಕಂದ್ರ: ಸಾಲಿ ಬೇಡ್ತಿತ್ತು, ಮನಿಯವರು ಒಲ್ಲೆ ಅಂತಿದ್ರು. ಹೊಲದಾಗ ಕೆಲಸ ಅದ, ಸಣ್ಣ ಕೂಸು ನೋಡ್ಕೊಳ್ಳಾಕಿ ಬೇಕು, ಹೆಣ್ಣು ಹುಡುಗಿ ಓದಿ ಏನು ಮಾಡೂದದ? ಮಾಸ್ತರ ಬಾಗಿಲಿಗೆ ಬಂದು, ಅವ್ವಾರ, ಹುಡುಗನ್ನ ಕಳಿಸ್ರಿ ಅಂತ ಕೈ ಮುಗಿಯೂ ಕಾಲ. ನಮ್ಮ ಅವ್ವ ಹೇಳ್ತಿದ್ದಳು, ಹೆಸರು ಹಚ್ಚಲಿಕ್ಕೆ ಹೋದ್ರ ಒಂದ ಪರೀಕ್ಷಾ ಇತ್ತಂತ. ಬಲಗೈ ತಲಿ ಮ್ಯಾಲಿಂದ ತಂದು ಎಡ ಕಿವಿ ಮುಟ್ಟಬೇಕು. ಮುಟ್ಟಿತಂದ್ರ ಸಾಲಿ ವಯಸ್ಸಾತು. ಹುಟ್ಟಿದ ತಾರೀಖು ಯಾರಿಗೆ ನೆನಪಿರ್ತಿತ್ತು? ಮಾಸ್ತರ ಜೂನ್ 1 ಅಂತ ಬರದು ಬಿಡ್ತಿದ್ರು. ನಮ್ಮ ಮನಿಯವರ ವಾಢದಿವಸಾನೂ ಕಾಗದದಾಗ ಜೂನ್ 1. ನಿಮ್ಮ ಮನ್ಯಾಗೂ ಒಬ್ಬರರೆ ಜೂನ್ 1 ಹುಟ್ಟಿದವರು ಇದ್ದ ಇರ್ತಾರ, ಕೇಳಿ ನೋಡ್ರಿ.

ಅಭ್ಯಾಸದ ಭಾರನೂ ಇತ್ತು, ಇಲ್ಲಂತ ಅಲ್ಲ. ಬಿನ್ನೆತ್ತಿ ದಾಟಿ ಒಂದೊಂದ ಇಯತ್ತೆ ಏರಿ ಏಳನೇದಕ್ಕ ಬಂದ್ರ ಮುಲ್ಕಿ ಪರೀಕ್ಷಾ. ಅದು ಪಾಸಾದ್ರ ಕನ್ನಡ ಸಾಲಿ ಮಾಸ್ತರಿಕಿ ಸಿಗ್ತಿತ್ತು, ತಲಾಠಿ ನೌಕರಿ ಸಿಗ್ತಿತ್ತು. ನಮ್ಮ ಅತ್ತಿಯವರು ಮುಲ್ಕಿ ಪಾಸಾಗಿದ್ರು. ಆಗಿನ ಕಾಲಕ್ಕ ಹೆಣ್ಣುಮಗಳು ಮುಲ್ಕಿ ಅಂದ್ರ ಸಣ್ಣ ಮಾತಲ್ಲ. ಅಕ್ಕೋರ ನೌಕರಿಗೆ ಹೋಗಬೇಕು ಅಂತ ಅವರ ಆಸೆ ಇತ್ತು, ಮನ್ಯಾಗ ಬ್ಯಾಡ ಅಂದ್ರು, ಮದುವಿ ಮಾಡಿದ್ರು. ಜೀವಮಾನ ಪೂರ್ತಿ ಓಣಿ ಮಂದಿ ಪತ್ರ ಬರದು ಕೊಟ್ರು, ಮನಿ ಆರ್ಡರ್ ಫಾರ್ಮ್ ತುಂಬಿ ಕೊಟ್ರು, ನನ್ನ ಇಬ್ಬರು ಮಕ್ಕಳಿಗೆ ಮಗ್ಗಿ ಕಲಿಸಿದ್ರು. ಇಪ್ಪತ್ತೊಂಬತ್ತರ ಮಗ್ಗಿ ಅವರಿಗೆ ತಪ್ಪಲಾರದ ಬರ್ತಿತ್ತು, ರೊಟ್ಟಿ ಬಡಕೋತ ಹೇಳ್ತಿದ್ರು.

ನಾನು 1975ರ ಸುಮಾರಿಗೆ ಸಾಲಿಗೆ ಹೋಗಾಕಿ. ಪಾಟಿಚೀಲ ಅಂದ್ರ ಅಪ್ಪನ ಹಳೇ ಪ್ಯಾಂಟಿನ ಅರಬಿ ಹೊಲದದ್ದು. ಅದರಾಗ ಒಂದು ಪಾಟಿ, ಒಂದು ಕನ್ನಡ ಪುಸ್ತಕ, ಒಂದು ಲೆಕ್ಕದ ಪುಸ್ತಕ, ಪಾಟಿ ಒರಸೂ ಹಸಿ ಅರಬಿ. ಮನಿಗೆ ಬಂದು ಉಜಳಣಿ ಬರದ್ರ ಮುಗೀತು. ಅವ್ವ ನಾಲ್ಕನೇ ಇಯತ್ತೆ ಓದಿದಾಕಿ, ನನ್ನ ಪಾಟಿ ನೋಡಿ ಅಕ್ಷರ ದುಂಡಗ ಬಂದಾವಿಲ್ಲೋ ಅಂತ ಅಷ್ಟ ನೋಡ್ತಿದ್ದಳು. ಶಿಕವಣಿ ಅಂದ್ರ ದಡ್ಡ ಹುಡುಗ್ರು ಹೋಗೂದು ಅಂತ ನಾಚಿಕಿ ಇತ್ತು. ಈಗ ಶಿಕವಣಿ ಹಚ್ಚಲಾರದಿದ್ರ ನಾಚಿಕಿ. ಎಷ್ಟು ತಿರುಗಿತು ನೋಡ್ರಿ ಕಾಲ.

ಎಲ್ಲೆ ತಿರುಗಿತು? ನನಗ ತಿಳದಂಗ ಮೂರು ಕಾರಣ ಕೂಡಿ ಬಂದ್ವು.

ಒಂದು, ಆರಿಸಿ ತಗೊಳ್ಳೂ ಸಾಲಿ ಬಂದ್ವು. 1963ರಾಗ ವಿಜಾಪುರದಾಗ ಸೈನಿಕ ಸಾಲಿ, 1969ರಾಗ ಕಿತ್ತೂರಾಗ ರಾಣಿ ಚನ್ನಮ್ಮನ ಹೆಸರಿಲೆ ಹುಡುಗ್ಯಾರ ವಸತಿ ಸಾಲಿ, 1986ರಿಂದ ನವೋದಯ. ಪರೀಕ್ಷಾ ಬರದು ಸೇರೂ ಸಾಲಿ ಇವು. ಬಡವರ ಮಕ್ಕಳೂ ಜಾಣ ಇದ್ರ ಮುಂದ ಬರಲಿ ಅನ್ನೂ ಉದ್ದೇಶ ಛಲೋನ ಇತ್ತು, ಎಷ್ಟೋ ಹಳ್ಳಿ ಹುಡುಗ್ರ ಬಾಳೇವು ಅದರಿಂದ ಹಸನಾಗ್ಯಾವ. ಆದ್ರ ಅದರ ಹಿಂದ ಹತ್ತು ವರ್ಷದ ಮಕ್ಕಳಿಗೆ ಕೋಚಿಂಗ್ ಅನ್ನೂ ಒಂದು ದಂಧಾನ ಬೆಳೀತು.

ಎರಡು, ಇಂಗ್ಲಿಷ್ ಮೀಡಿಯಂ ಹಂಬಲ. ಗೋಕಾಕ ವರದಿ ಬಂದದ್ದು 1981ರಾಗ, 1982ರಾಗ ದೊಡ್ಡ ಚಳವಳಿ ಆತು. ರಾಜಕುಮಾರ ಅವರು ಭಾಷಣ ಮಾಡ್ಲಿಕ್ಕೆ ಬರ್ತಾರ ಅಂದ್ರ ಊರಿಗೆ ಊರ ಎದ್ದು ಹೋಗ್ತಿತ್ತು. 1994ರಾಗ ಸರಕಾರ, ಒಂದರಿಂದ ನಾಲ್ಕನೇ ಇಯತ್ತೆ ತನಕ ಮಾತೃಭಾಷಾ ಇಲ್ಲಾ ಕನ್ನಡದಾಗನ ಕಲಿಸಬೇಕು ಅಂತ ಆದೇಶ ತಂತು. ಆದ್ರ ಎಷ್ಟೋ ಸಾಲಿಯವರು ಕನ್ನಡ ಮೀಡಿಯಂ ಅಂತ ಪರವಾನಗಿ ತಗೊಂಡು ಒಳಗ ಇಂಗ್ಲಿಷ್ ಮೀಡಿಯಂ ನಡಿಸಿದ್ರು. ನಾವೂ ತಾಯಂದಿರು ಅದು ಗೊತ್ತಿದ್ದನ ಕಳಿಸಿದ್ವಿ, ಮನ್ಯಾಗ ಕನ್ನಡದ ಮ್ಯಾಲೆ ಪ್ರೀತಿ ಇಟಗೊಂಡು ಹೊರಗ ಮಕ್ಕಳ ನೌಕರಿ ವಿಚಾರ ಮಾಡಿದ್ವಿ. 2008ರಾಗ ಹೈಕೋರ್ಟ್ ಆ ಆದೇಶ ಖಾಸಗಿ ಸಾಲಿಗೆ ಹತ್ತೂದಿಲ್ಲ ಅಂತು, 2014ರಾಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಮಕ್ಕಳಿಗೆ ಯಾವ ಭಾಷಾದಾಗ ಕಲಿಸಬೇಕು ಅನ್ನೂದು ತಂದಿ ತಾಯಿ ಆಯ್ಕೆ ಅಂತ ತೀರ್ಮಾನ ಆತು. ಒಂದು ಮಾತು ಮಾತ್ರ ಯಾರೂ ಹೇಳಲಿಲ್ಲ. ಸಾಲಿ ಭಾಷಾ ಮನಿಗೆ ಬರಲಾರದ್ದು ಆತಂದ್ರ, ಮನ್ಯಾಗ ಕೂತು ಅದನ್ನ ಬಿಡಿಸಿ ಹೇಳಬೇಕಾದಾಕಿ ತಾಯಿ. ಆಕಿಗೇನ ಅದು ಬರದಿದ್ರ?

ಮೂರನೇದು ಹೋಂವರ್ಕ್. ನನ್ನ ಮಕ್ಕಳ ಕಾಲಕ್ಕ, 1990ರ ದಶಕದ ಕಡೀ ಭಾಗದಾಗ, ಸಂಜೀಕ ಆರರಿಂದ ಒಂಬತ್ತು ನನ್ನದಲ್ಲ. ಒಂದು ಕೈಯಾಗ ಸೌಟು, ಇನ್ನೊಂದು ಕೈಯಾಗ ನೋಟ್ ಪುಸ್ತಕ. ಥರ್ಮಾಕೋಲಿನ ಜ್ವಾಲಾಮುಖಿ, ಚಾರ್ಟು, ಎಲಿ ಅಂಟಿಸಿದ ವಹಿ. ಮಕ್ಕಳ ಪ್ರಾಜೆಕ್ಟ್ ಅಂತ ಹೆಸರು, ಮಾಡಿದಾಕಿ ಯಾರು ಅನ್ನೂದು ಓಣಿಗೆಲ್ಲಾ ಗೊತ್ತು.

ಇದರ ಬಗ್ಗೆ ಮೊದಲು ದೊಡ್ಡ ದನಿ ಎತ್ತಿದವರು ನಮ್ಮ ಮೈಸೂರಿನ ಆರ್. ಕೆ. ನಾರಾಯಣ್. ಹೌದು, ಮಾಲ್ಗುಡಿಯವರನ. ಅವರ ತಂದಿ ಮೈಸೂರಾಗ ಹೆಡ್ ಮಾಸ್ತರ ಇದ್ದವರು. ನಾರಾಯಣ್ ಅವರನ್ನ 1986ರಾಗ ರಾಜ್ಯಸಭಾಕ್ಕ ನೇಮಕ ಮಾಡಿದ್ರು. 1989ರಾಗ ಅವರು ಅಲ್ಲಿ ಮೊದಲನೇ ಭಾಷಣಕ್ಕ ಎದ್ದು ನಿಂತಾಗ ಮಾತಾಡಿದ್ದು ಯುದ್ಧದ ಬಗ್ಗೆ ಅಲ್ಲ, ಬಜೆಟ್ಟಿನ ಬಗ್ಗೆ ಅಲ್ಲ, ಮಕ್ಕಳ ಪಾಟಿಚೀಲದ ಬಗ್ಗೆ. ನಿದ್ದಿಗಣ್ಣಿನ ಕೂಸನ್ನ ಎಬ್ಬಿಸಿ, ಯೂನಿಫಾರ್ಮ್ ಹಾಕಿ, ಬೆನ್ನಿಗೆ ಭಾರ ಹೊರಿಸಿ ಕಳಿಸ್ತೀವಿ, ಸಂಜೀಕ ತಿರುಗಿ ಬಂದ್ರ ಬಾಗಲಾಗ ತಾಯಿನೋ ಟ್ಯೂಷನ್ ಮಾಸ್ತರೋ ಹೋಂವರ್ಕಿಗೆ ಕಾಯ್ಕೋತ ನಿಂತಿರ್ತಾರ ಅಂತ ಅವರ ಮಾತಿನ ಸಾರಾಂಶ. ಅಷ್ಟು ದೊಡ್ಡ ಲೇಖಕರು ಇಂಥಾ ಸಣ್ಣ ವಿಷಯ ಎತ್ತಿದ್ರಲ್ಲ ಅಂತ ಯಾರಿಗರೆ ಅನಿಸಿದ್ರ, ಅವರ ಮನ್ಯಾಗ ಸಾಲಿ ಕೂಸು ಇದ್ದಿರಲಿಕ್ಕಿಲ್ಲ.

ಅದರ ಗುಂಗು ಉಳೀತು. 1992ರಾಗ ಕೇಂದ್ರ ಸರಕಾರ ವಿಜ್ಞಾನಿ ಯಶಪಾಲ್ ಅವರ ಕೈ ಕೆಳಗ ಒಂದು ಸಮಿತಿ ಮಾಡಿತು, 1993ರಾಗ ವರದಿ ಬಂತು. ಭಾರವಿಲ್ಲದ ಕಲಿಕೆ ಅಂತ ಅದರ ಹೆಸರಿನ ಅರ್ಥ. ಚೀಲದ ತೂಕಕ್ಕಿಂತ ಕೆಟ್ಟದ್ದು ತಿಳೀಲಾರದ್ದರ ತೂಕ ಅಂತ ಆ ವರದಿ ಹೇಳಿತು. ಬಳ್ಳಾರಿ ಕಲೆಕ್ಟರ್ 1823ರಾಗ ಗಿಳಿ ಅಂದಿದ್ನಲ್ಲಾ, ಅದ ಮಾತು ನೂರಾ ಎಪ್ಪತ್ತು ವರ್ಷದ ಮ್ಯಾಲೆ ಇನ್ನೊಮ್ಮೆ. ಪ್ರಾಥಮಿಕ ಸಾಲ್ಯಾಗ ಹೋಂವರ್ಕ್ ಬ್ಯಾಡ, ನರ್ಸರಿಗೆ ಸೇರಿಸೂ ಮುಂದ ಕೂಸಿಗೆ ಪರೀಕ್ಷಾ ಇಂಟರ್‌ವ್ಯೂ ಬ್ಯಾಡ ಅಂತನೂ ಆ ಸಮಿತಿ ಹೇಳಿತ್ತು. 1993. ಆಗ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳನ್ನ ಕರಕೊಂಡು ಇಂಟರ್‌ವ್ಯೂಕ್ಕ ಹೋಗ್ಲಿಕತ್ತಾರ.

ಆಮ್ಯಾಲೆ ಬಂತು ಶಿಕ್ಷಣ ಹಕ್ಕು ಕಾಯ್ದೆ, ನಾವೆಲ್ಲಾ ಆರ್‌ಟಿಇ ಅಂತೀವಲ್ಲ ಅದು. 2009ರಾಗ ಆತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮಂದಿ ಇದನ್ನ ಬರೇ ಬಡವರ ಸೀಟಿನ ಕಾಯ್ದೆ ಅಂತ ತಿಳದಾರ. ಅದರಾಗ ಎಲ್ಲಾ ಮಕ್ಕಳಿಗೂ ಹತ್ತೂ ಮಾತು ಅವ, ತಾಯಂದಿರು ಬಾಯಿಪಾಠ ಮಾಡ್ಕೋಬೇಕು. 13ನೇ ಕಲಮು: ಸೇರಿಸೂ ಮುಂದ ಡೊನೇಶನ್ ತಗೋಬಾರದು, ಕೂಸನ್ನಾಗಲಿ ತಂದಿ ತಾಯಿಯನ್ನಾಗಲಿ ಪರೀಕ್ಷಾ ಮಾಡಿ ಆರಿಸಬಾರದು. ಪರೀಕ್ಷಾ ಮಾಡಿದ್ರ ಮೊದಲನೇ ಸಲ 25 ಸಾವಿರ ರೂಪಾಯಿ ತನಕ ದಂಡ, ಮುಂದ ಪ್ರತಿ ಸಲ 50 ಸಾವಿರ ತನಕ. ಡೊನೇಶನ್ ತಗೊಂಡ್ರ ಅದರ ಹತ್ತು ಪಟ್ಟು ತನಕ. 17ನೇ ಕಲಮು: ಹೊಡಿಯಬಾರದು, ಮನಸ್ಸಿಗೆ ನೋವು ಕೊಡಬಾರದು. ಕೋದಂಡ, ಛಡಿ ಏಟು, ಬಸ್ಕಿ ಎಲ್ಲಾ ಇಲ್ಲೆ ಮುಗೀತು, ಕಾಗದದಾಗರೆ. 28ನೇ ಕಲಮು: ಮಾಸ್ತರು ಖಾಸಗಿ ಟ್ಯೂಷನ್ ಹೇಳಬಾರದು. ಐದನೇ ಇಯತ್ತೆ ತನಕ ಮೂವತ್ತು ಮಕ್ಕಳಿಗೆ ಒಬ್ಬ ಮಾಸ್ತರ ಇರಬೇಕು.

ಹಂಗಾದ್ರ ಈ ಎಲ್‌ಕೆಜಿ ಇಂಟರ್‌ವ್ಯೂ ಹೆಂಗ ನಡೀತದ? ಇಲ್ಲೆ ಅದ ಗಂಟು. ಕಾಯ್ದೆ ಹೇಳೂದು 6 ರಿಂದ 14 ವರ್ಷದ ಮಕ್ಕಳ ಸುದ್ದಿ. ಕಾಯ್ದೆ ಒಂದನೇ ಇಯತ್ತೆ ಬಾಗಲಾ ಕಾಯ್ತದ, ಸಾಲಿಯವರು ಬಾಗಲಾನ ಎರಡು ವರ್ಷ ಹಿಂದಕ್ಕ ಸರಿಸಿ ಎಲ್‌ಕೆಜಿಗೆ ಇಟ್ರು. ಎಲ್‌ಕೆಜಿ ಸೇರಿದವರು ಯುಕೆಜಿಗೆ, ಯುಕೆಜಿಯವರು ಒಂದನೇದಕ್ಕ. ಕಾಯ್ದೆ ಕಾಯೂ ಬಾಗಲಿಗೆ ಬರೂದ್ರೊಳಗ ಸೀಟು ಎಲ್ಲಾ ತುಂಬಿರ್ತಾವ. 2013ರಾಗ ದಿಲ್ಲಿ ಹೈಕೋರ್ಟಿನ ಮುಂದ ಇದ ಪ್ರಶ್ನೆ ಬಂದಾಗ, ಬಡವರ 25% ಸೀಟು ಬಿಟ್ರ ಉಳಿದ ನರ್ಸರಿ ಸೀಟಿಗೆ ಈ ಕಾಯ್ದೆ ಹತ್ತೂದಿಲ್ಲ, ಹತ್ತೂಹಂಗ ತಿದ್ದೂದರ ಬಗ್ಗೆ ಸರಕಾರ ವಿಚಾರ ಮಾಡಬೇಕು ಅಂತ ಕೋರ್ಟ್ ಹೇಳಿತು.

ಆ 25% ಸೀಟಿನ ಸುದ್ದಿನೂ ಹೇಳಿ ಬಿಡ್ತೀನಿ. 2012ರಾಗ ಸುಪ್ರೀಂ ಕೋರ್ಟ್ ಅದು ಸರಿ ಅಂತು, ನಮ್ಮ ರಾಜ್ಯದಾಗೂ ಜಾರಿಗೆ ಬಂತು. ಕೂಲಿ ಮಾಡೂರ ಮಕ್ಕಳು, ಆಟೋ ಹೊಡಿಯೂರ ಮಕ್ಕಳು ದೊಡ್ಡ ಸಾಲಿ ಮೆಟ್ಟಲಾ ಹತ್ತಿದ್ದನ್ನ ನಾನು ಈ ಕಣ್ಣಿಲೆ ನೋಡೀನಿ. ಆದ್ರ 2018ರ ಕಡೀಕ ರಾಜ್ಯ ಸರಕಾರ ನಿಯಮ ಬದಲಿ ಮಾಡಿತು. ಸನಿಹ ಸರಕಾರಿ ಇಲ್ಲಾ ಅನುದಾನಿತ ಸಾಲಿ ಇದ್ರ ಖಾಸಗಿ ಸಾಲ್ಯಾಗ ಆ ಸೀಟು ಇಲ್ಲ ಅಂತ ಆತು. 2019ರಾಗ ಹೈಕೋರ್ಟೂ ಒಪ್ಪಿತು. ಸರಕಾರಿ ಸಾಲಿ ಉಳೀಬೇಕು ಅನ್ನೂದು ಸರಕಾರದ ವಾದ. ವಾದ ತಪ್ಪು ಅಂತ ನಾನು ಅನ್ನೂದಿಲ್ಲ. ಆದ್ರ ಬಾಗಲಾ ಮುಚ್ಚಿದ್ದು ಯಾರಿಗೆ ಅನ್ನೂದೂ ಕಾಣ್ತದ.

ಇಷ್ಟೆಲ್ಲಾ ಯಾಕ ಬರೀಲಿಕತ್ತೀನಿ ಅಂದ್ರ, ಹೋದ ವರ್ಷ ನಮ್ಮ ಬಾಜೂ ಮನ್ಯಾಗ ಒಂದು ಘಟನಾ ಆತು. ಆಕಿ ಹೆಸರು ಬ್ಯಾಡ, ಸಾಲಿ ಹೆಸರೂ ಬ್ಯಾಡ. ಆಕಿ ಏಳನೇ ಇಯತ್ತೆ ತನಕ ಕನ್ನಡ ಸಾಲ್ಯಾಗ ಓದಿದಾಕಿ. ಮನ್ಯಾಗ ಹೊಲಿಗಿ ಮಷೀನ್ ಇಟ್ಟಾಳ, ಗಂಡ ಗ್ಯಾರೇಜಿನ್ಯಾಗ ದುಡೀತಾನ. ಫೀ ಕೊಡೂ ಶಕ್ತಿ ಇತ್ತು, ಎರಡು ವರ್ಷ ಚೀಟಿ ಹಾಕಿ ರೊಕ್ಕ ಕೂಡಿಸಿದ್ಲು. ಕೂಸು ಬಣ್ಣ ಹೇಳಿತು, ಹಣ್ಣಿನ ಹೆಸರು ಹೇಳಿತು. ಆಮ್ಯಾಲೆ ಅಕ್ಕೋರು ತಾಯಿ ಕಡೆ ತಿರುಗಿ ನೀವು ಏನು ಓದೀರಿ, ಮನ್ಯಾಗ ಹೋಂವರ್ಕ್ ಯಾರು ಮಾಡಸ್ತಾರ ಅಂತ ಇಂಗ್ಲಿಷಿನ್ಯಾಗ ಕೇಳಿದ್ರಂತ. ಈಕಿಗೆ ತಿಳೀತು, ಆದ್ರ ಬಾಯಿ ಬರಲಿಲ್ಲ. ಸೀಟು ಆಗಲಿಲ್ಲ. ಮನಿಗೆ ಬಂದು ನನ್ನ ಮುಂದ ಅಂದ್ಲು: “ಅಕ್ಕಾ, ಕೂಸು ಪಾಸಾತ್ರಿ. ಫೇಲಾದಾಕಿ ನಾನು.”

ಈ ಮಾತು ನನ್ನ ತಲ್ಯಾಗ ಕೂತು ಬಿಟ್ಟದ. 1823ರಾಗ ಆ 60 ಹುಡುಗ್ಯಾರನ್ನ ಬಿಟ್ಟು ಉಳಿದವರನ್ನ ಸಾಲಿ ಒಳಗ ಕರೀಲಿಲ್ಲ. ನಮ್ಮ ಅತ್ತಿಯವರಿಗೆ ಮುಲ್ಕಿ ಪಾಸಾದ್ರೂ ಅಕ್ಕೋರಾಗಲಿಕ್ಕೆ ಬಿಡಲಿಲ್ಲ. ಈಕಿನ್ನ ಏಳನೇದಕ್ಕ ಸಾಲಿ ಬಿಡಿಸಿದ್ರು. ಓದಲಿಕ್ಕೆ ಬಿಡಲಾರದ ಹೆಣ್ಣುಮಕ್ಕಳನ್ನ ಈಗ ನೀವು ಯಾಕ ಓದಿಲ್ಲ ಅಂತ ಕೇಳೂದು, ಆ ಲೆಕ್ಕದಾಗ ಕೂಸಿಗೆ ಬಾಗಲಾ ಮುಚ್ಚೂದು, ಇದು ಯಾವ ನ್ಯಾಯ? ಕಲಿಸೂ ಕೆಲಸ ಸಾಲೀದು. ತಾಯಿ ಓದಿದ್ರ ಒಂದು ಕೈ ಹಚ್ಚಬಹುದು, ಓದದಿದ್ರ ಕೂಸಿಗೆ ಊಟ, ನಿದ್ದಿ, ಮುದ್ದು, ನಾಲ್ಕು ಛಲೋ ಮಾತು ಕೊಡ್ತಾಳ. ಅಷ್ಟರ ಮ್ಯಾಲೆ ಕಟ್ಟಲಿಕ್ಕೆ ಬರಲಾರದ್ದು ಎಂಥಾ ಸಾಲಿ?

ಅಕ್ಕೋರನ್ನ ಬೈಯಬೇಕು ಅಂತ ನಾನು ಇದನ್ನ ಬರದಿಲ್ಲ, ತಿಳ್ಕೋರಿ. ನನ್ನ ತಮ್ಮನ ಹೆಂಡತಿ ಖಾಸಗಿ ಸಾಲ್ಯಾಗ ಕಲಸ್ತಾಳ. ಒಂದು ವರ್ಗಕ್ಕ ನಲವತ್ತರ ಮ್ಯಾಲೆ ಮಕ್ಕಳು, ರಾತ್ರಿ ಹತ್ತಕ್ಕ ಊಟದ ತಾಟು ಸರಿಸಿ ನೋಟ್ ಪುಸ್ತಕ ತಿದ್ದತಾಳ, ಪಗಾರ ಕೇಳಿದ್ರ ನೀವು ನಂಬೂದಿಲ್ಲ. ಹೋಂವರ್ಕ್ ಕೊಡಲಿಲ್ಲಂದ್ರ, ಈ ಸಾಲ್ಯಾಗ ಏನೂ ಕಲಸೂದಿಲ್ಲ ಅಂತ ಫೋನ್ ಮಾಡೂರೂ ನಾವ ತಾಯಂದಿರು, ವೈನಿ, ಅಂತಾಳ ಆಕಿ. ಅದೂ ಖರೇನ. ಸಾಲಿಯವರು ನಮಗ ಅಂಜಿ ಹೋಂವರ್ಕ್ ಕೊಡ್ತಾರ, ನಾವು ಕೂಸಿಗೆ ತ್ರಾಸಾದೀತು ಅಂತ ಸಾಲಿಯವರಿಗೆ ಅಂಜಿ ಬಾಯಿ ಮುಚ್ಚತೀವಿ. ನಡುವ ಕೂಸು.

ಈಚಿನ ಕೆಲವು ಛಲೋ ಸುದ್ದಿನೂ ಅವ. 2019ರ ಮೇ ತಿಂಗಳಾಗ ನಮ್ಮ ಸರಕಾರ ಪಾಟಿಚೀಲದ ತೂಕ ಗೊತ್ತು ಮಾಡಿತು. 1 ಮತ್ತ 2ನೇ ಇಯತ್ತೆಗೆ ಒಂದೂವರಿಯಿಂದ 2 ಕಿಲೋ, 3 ರಿಂದ 5ಕ್ಕ 2 ರಿಂದ 3 ಕಿಲೋ, 6 ರಿಂದ 8ಕ್ಕ 3 ರಿಂದ 4 ಕಿಲೋ. 1, 2ನೇ ಇಯತ್ತೆಗೆ ಹೋಂವರ್ಕ್ ಇಲ್ಲ. ತಿಂಗಳಿಗೆ ಒಂದು ಶನಿವಾರ ಚೀಲ ಇಲ್ಲದ ದಿನ. ಕರೋನಾ ಇದ್ದಾಗ, 2020ರಾಗ, ವಿದ್ಯಾಗಮ ಅಂತ ಮಾಡಿ ಸರಕಾರಿ ಸಾಲಿ ಮಾಸ್ತರು ಓಣಿ ಓಣಿಗೆ ಬಂದು ಗುಡಿ ಕಟ್ಟಿ ಮ್ಯಾಲೆ, ಗಿಡದ ಕೆಳಗ ಮಕ್ಕಳನ್ನ ಕೂಡಿಸಿ ಪಾಠ ಹೇಳಿದ್ರು. ಸ್ವಲ್ಪ ತಿಂಗಳಿಗೆ ಅದು ನಿಂತ್ರೂ, ಸಾಲಿ ಮತ್ತೊಮ್ಮೆ ಮನಿ ಬಾಗಿಲಿಗೆ ಬಂದದ್ದನ್ನ ನಾವು ನೋಡಿಧಂಗಾತು. ಒಂದನೇ ಇಯತ್ತೆಗೆ 6 ವರ್ಷ ತುಂಬಿರಬೇಕು ಅನ್ನೂ ನಿಯಮನೂ ಬಂತು, 2025-26ಕ್ಕ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಲಿಸಿದ್ರು. ಕೂಸನ್ನ ಲಗೂನ ಸೇರಿಸಬೇಕು ಅಂತ ಓಡೂ ನಮಗ ಇದು ಕಿರಿಕಿರಿ ಅನಸ್ತದ. ಕಿವಿ ಮುಟ್ಟಿಸಿ ನೋಡ್ತಿದ್ದ ಮಾಸ್ತರರೂ ಕೂಸು ಬಲೀಲಿ ಅಂತನ ಕಾಯ್ತಿದ್ರು ಅನ್ನೂದು ನೆನಸ್ರಿ.

ಈಗ ಕೆಲಸದ ಮಾತು. ಅರ್ಜಿ ತರಲಿಕ್ಕೆ ಹೋಗಾಕಿರೆಲ್ಲಾ ಒಂದಿಷ್ಟು ತಿಳ್ಕೊಂಡು ಹೋಗ್ರಿ. ಒಂದನೇ ಇಯತ್ತೆ ಮತ್ತ ಅದರ ಮ್ಯಾಲಿನದಕ್ಕ ಸೇರಿಸೂ ಮುಂದ ಕೂಸಿಗೆ ಪರೀಕ್ಷಾ, ನಿಮಗ ಇಂಟರ್‌ವ್ಯೂ ಮಾಡಿದ್ರ ಅದು ಕಾಯ್ದೆಗೆ ವಿರುದ್ಧ, ಬಿಇಓ ಆಫೀಸಿಗೆ ಬರದು ಕೊಡಬಹುದು. ಒಬ್ಬಾಕಿ ಕೊಟ್ರ ಅಂಜಿಕಿ, ಐದು ಮಂದಿ ಕೂಡಿ ಸಹಿ ಮಾಡಿದ್ರ ಕೂಸಿನ ಹೆಸರು ಎದ್ದು ಕಾಣೂದಿಲ್ಲ. ಎಲ್‌ಕೆಜಿಗೆ ಕಾಯ್ದೆ ಬಲ ಕಡಿಮಿ. ಅದಕ್ಕ ಅಲ್ಲಿ ನಾವ ಸಾಲಿಗೆ ಪ್ರಶ್ನೆ ಕೇಳೂಣು: ಒಂದು ವರ್ಗಕ್ಕ ಎಷ್ಟು ಮಕ್ಕಳು? ದಿನಾ ಮನ್ಯಾಗ ಎಷ್ಟು ಬರಸ್ತೀರಿ? ತಾಯಿಗೆ ಇಂಗ್ಲಿಷ್ ಬರದಿದ್ರ ಆ ಕೂಸಿಗೆ ಯಾರು ಹೇಳಿಕೊಡ್ತಾರ? ಇದಕ್ಕ ಸಮಾಧಾನದಿಂದ ಉತ್ತರ ಕೊಡೂ ಸಾಲಿ ಯಾವುದರೆ ಇರಲಿ, ಅದು ಛಲೋ ಸಾಲಿ. ಹಂಗ ಓಣಿಯ ಸರಕಾರಿ ಸಾಲಿನೂ ಒಮ್ಮೆ ಒಳಗ ಹೋಗಿ ನೋಡಿ ಬರ್ರಿ. ಎಷ್ಟೋ ಕಡೆ ಈಗ ಅಲ್ಲೂ ಎಲ್‌ಕೆಜಿ ಸುರು ಆಗ್ಯಾವ, ಮೇ-ಜೂನಿನ್ಯಾಗ ದಾಖಲಾತಿ ಆಂದೋಲನ ಅಂತ ಮಾಸ್ತರು ಇವತ್ತಿಗೂ ಮನಿ ಮನಿಗೆ ಬರ್ತಾರ. ಬಂದಾಗ ನೀರು ಕೊಟ್ಟು ಕೂಡಿಸಿ, ಎರಡು ಮಾತು ಕೇಳ್ರಿ. ನೋಡಿದ ಮ್ಯಾಲೆ ಬ್ಯಾಡ ಅನಿಸಿದ್ರ ಬಿಡ್ರಿ, ನೋಡಲಾರದನ ಬಿಡಬ್ಯಾಡ್ರಿ.

ಮತ್ತ ಯಾರರೆ ನಿಮ್ಮನ್ನ ಏನು ಓದೀರಿ ಅಂತ ಕೇಳಿದ್ರ ತಲಿ ತಗ್ಗಸಬ್ಯಾಡ್ರಿ. ಇಷ್ಟು ಓದೀನಿ, ಮುಂದಿಂದು ನನ್ನ ಕೂಸು ಓದ್ತದ, ಕಲಸೂ ಜವಾಬ್ದಾರಿ ನಿಮ್ಮದು ಅಂತ ಕನ್ನಡದಾಗನ ಹೇಳಿ ಬರ್ರಿ.